ಡ್ರ್ಯಾಗನ್ ಇದ್ದರೆ ಸಾಕಾ? ನಿಮ್ಮ ಇಷ್ಟದ ಫ್ಯಾಂಟಸಿ ಹೇಳಿ, ಅದರ ಗಡಿ ಎಲ್ಲಿ ಅಂತಲೂ ಹೇಳಿ

ನಕ್ಷೆಹುಚ್ಚಿ:
ಪುಸ್ತಕ ತೆರೆದ ಕೂಡಲೇ ಒಂದು ನಕ್ಷೆ ಕಂಡರೆ ನನಗೆ ಖುಷಿಯೋ ಖುಷಿ. ಕತೆಗೆ ಹೋಗುವ ಮುಂಚೆ ಹತ್ತು ನಿಮಿಷ ಅದರ ಮೇಲೇ ಬೆರಳಾಡಿಸುತ್ತೇನೆ. ಈ ನದಿ ಎಲ್ಲಿ ಹುಟ್ಟಿತು, ಈ ದ್ವೀಪದಿಂದ ಆ ದ್ವೀಪಕ್ಕೆ ದೋಣಿಯಲ್ಲಿ ಎಷ್ಟು ದಿನ, ಈ ಮೂಲೆಯಲ್ಲಿ ಯಾಕೆ ಒಂದೂ ಊರಿಲ್ಲ.

ಹೋದ ವಾರ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಮೂರನೇ ಸಲ ಓದಿ ಮುಗಿಸಿದೆ. 1968ರ ಪುಸ್ತಕ. ಗೆಡ್ ಎಂಬ ಹುಡುಗ ಮಂತ್ರ ಕಲಿಯಲು ಹೋಗಿ, ಜಂಬಕ್ಕೆ ಬಿದ್ದು, ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಆ ಲೋಕದಲ್ಲಿ ಯಾವುದರ ನಿಜವಾದ ಹೆಸರು ಗೊತ್ತೋ ಅದರ ಮೇಲೆ ಹಿಡಿತ ಸಿಗುತ್ತದೆ. ಹಾಗಾದರೆ ಆ ನೆರಳಿನ ಹೆಸರೇನು? ಓದದವರಿಗಾಗಿ ಇಲ್ಲಿ ಹೇಳುವುದಿಲ್ಲ. ನೀವೂ ಹೇಳಬೇಡಿ, ದಯವಿಟ್ಟು.

ಇದಾದ ಮೇಲೆ ಆ್ಯನ್ ಮೆಕ್ಯಾಫ್ರಿ ಅವರ ‘ಡ್ರ್ಯಾಗನ್‌ಫ್ಲೈಟ್’ ಹಿಡಿದೆ. ಅದೂ 1968ರದ್ದೇ. ನನ್ನ ತಮ್ಮ ನೋಡಿ, "ಅಕ್ಕಾ, ಅದು ಫ್ಯಾಂಟಸಿ ಅಲ್ಲ, ಸೈನ್ಸ್ ಫಿಕ್ಷನ್" ಅಂದ. ಡ್ರ್ಯಾಗನ್ ಇದೆ, ಬೆಂಕಿ ಉಗುಳುತ್ತದೆ, ಜನ ಅದರ ಬೆನ್ನೇರಿ ಹಾರುತ್ತಾರೆ. ಇನ್ನೇನು ಬೇಕು? ಅವನು ಬಿಡಲಿಲ್ಲ. "ಹಾಗಾದರೆ ಅಜ್ಜಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಳಿ ಕತೆ? ಅದೂ ಫ್ಯಾಂಟಸಿನಾ?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ನಿಮಗೆ ತುಂಬಾ ಇಷ್ಟವಾದ ಒಂದೆರಡು ಪುಸ್ತಕ ಹೇಳಿ. ಜೊತೆಗೆ, ಫ್ಯಾಂಟಸಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನಿಮಗನಿಸುತ್ತದೋ ಅದನ್ನೂ ಹೇಳಿ.

ತರ್ಕಪ್ರಿಯ:
ನಿಮ್ಮ ತಮ್ಮ ಹೇಳಿದ್ದೇ ಸರಿ. ‘ಡ್ರ್ಯಾಗನ್‌ಫ್ಲೈಟ್’ ನಡೆಯುವ ಪರ್ನ್ ಅನ್ನುವುದು ಮನುಷ್ಯರು ಹೋಗಿ ನೆಲೆಸಿದ ಬೇರೆ ಗ್ರಹ. ಅಲ್ಲಿದ್ದ ಪುಟ್ಟ ಹಲ್ಲಿಯಂಥ ಪ್ರಾಣಿಗಳ ವಂಶವಾಹಿ ತಿದ್ದಿ ಡ್ರ್ಯಾಗನ್ ಮಾಡಿಕೊಂಡರು. ಬೆಂಕಿ ಬರುವುದು ಮಂತ್ರದಿಂದಲ್ಲ, ಒಂದು ಬಗೆಯ ಕಲ್ಲನ್ನು ಅಗಿದು ನುಂಗಿದ ಮೇಲೆ ಹೊಟ್ಟೆಯಲ್ಲಿ ಹುಟ್ಟುವ ಅನಿಲದಿಂದ. ಈ ಸರಣಿಯ ಮೊದಲ ಕತೆ 1967ರಲ್ಲಿ ‘ಅನಲಾಗ್’ನಲ್ಲಿ ಬಂತು. ಅದು ಅಪ್ಪಟ ವಿಜ್ಞಾನ ಕತೆಗಳ ಪತ್ರಿಕೆ. ಕಾರಣ ಕೊಟ್ಟರೆ ಸೈನ್ಸ್ ಫಿಕ್ಷನ್, ಕೊಡದಿದ್ದರೆ ಫ್ಯಾಂಟಸಿ. ಇಷ್ಟೇ ಲೆಕ್ಕ.

ಗುಬ್ಬಿಗೂಡು:
ಅದೇ ಡ್ರ್ಯಾಗನ್‌ಗಳು ಸವಾರನ ಜೊತೆ ಮನಸ್ಸಿನಲ್ಲೇ ಮಾತಾಡುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತವೆ. ಕಾಲದಲ್ಲೂ ಹಿಂದಕ್ಕೆ ಹೋಗಿಬರುತ್ತವೆ. ಇದಕ್ಕೆ ಯಾವ ಕಲ್ಲು ನುಂಗಿದ್ದು ತರ್ಕಪ್ರಿಯ ಅವರೇ?

ತರ್ಕಪ್ರಿಯ:
ಆ ಒಂದು ಮಾತು ಒಪ್ಪುತ್ತೇನೆ. ಉಳಿದದ್ದು ಬಿಡುವುದಿಲ್ಲ.

ಓದುಗೂಬೆ:
ಕಾರಣ ಇದ್ದರೆ ವಿಜ್ಞಾನ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ ನೋಡಿ, 2006ರದ್ದು. ಅಲ್ಲಿ ಕೆಲವರು ಲೋಹದ ಪುಡಿ ನುಂಗಿ ಅದನ್ನು ಒಳಗೇ ‘ಉರಿಸುತ್ತಾರೆ’. ಕಬ್ಬಿಣ ಉರಿಸಿದರೆ ಸುತ್ತಲಿನ ಲೋಹವನ್ನು ಎಳೆಯಬಹುದು, ಉಕ್ಕು ಉರಿಸಿದರೆ ತಳ್ಳಬಹುದು. ನಾಯಕಿ ವಿನ್ ಒಂದು ನಾಣ್ಯವನ್ನು ನೆಲಕ್ಕೆ ಎಸೆದು, ಅದನ್ನು ಕೆಳಕ್ಕೆ ತಳ್ಳಿ, ತಾನು ಮೇಲಕ್ಕೆ ಚಿಮ್ಮುತ್ತಾಳೆ. ನಾಣ್ಯ ಅವಳಿಗಿಂತ ಹಗುರ, ಹಾಗಾಗಿ ಅದು ನೆಲಕ್ಕೆ ತಾಗಿ ನಿಂತ ಮೇಲೇ ಅವಳು ಏರುವುದು. ತಳ್ಳಿದ್ದಕ್ಕೆ ಎದುರು ತಳ್ಳು, ಶಾಲೆಯ ಭೌತಶಾಸ್ತ್ರದ ಪಾಠದ ಹಾಗೇ. ಆದರೂ ಅದನ್ನು ಯಾರೂ ಸೈನ್ಸ್ ಫಿಕ್ಷನ್ ಅನ್ನುವುದಿಲ್ಲ.

ಆ ಕಡೆಯಿಂದ ಆರ್ಥರ್ ಸಿ. ಕ್ಲಾರ್ಕ್ ಹೇಳಿದ್ದೂ ಇದೆಯಲ್ಲ, ತಂತ್ರಜ್ಞಾನ ತೀರಾ ಮುಂದುವರಿದರೆ ಅದಕ್ಕೂ ಮಾಯೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂತ. ಅವರು ಸೈನ್ಸ್ ಫಿಕ್ಷನ್ ಬರೆದವರೇ. ಎರಡೂ ಕಡೆಯಿಂದ ಬೇಲಿ ಕಿತ್ತುಹೋಗಿದೆ.

ಬೆಳ್ಳಿಚುಕ್ಕಿ:
ನನ್ನ ಆಯ್ಕೆ ಮರ್ವಿನ್ ಪೀಕ್ ಅವರ ‘ಟೈಟಸ್ ಗ್ರೋನ್’, 1946. ಗಾರ್ಮೆನ್‌ಗ್ಯಾಸ್ಟ್ ಅನ್ನುವ ದೈತ್ಯ ಕೋಟೆ, ಅದರೊಳಗೆ ಅರ್ಥ ಮರೆತುಹೋದ ಆಚರಣೆಗಳನ್ನು ದಿನಾ ತಪ್ಪದೆ ಮಾಡುವ ಜನ. ಇಡೀ ಪುಸ್ತಕದಲ್ಲಿ ಮಂತ್ರವಿಲ್ಲ, ಡ್ರ್ಯಾಗನ್ ಇಲ್ಲ, ದೇವರೂ ದೆವ್ವವೂ ಇಲ್ಲ. ಆದರೂ ಫ್ಯಾಂಟಸಿಯ ದೊಡ್ಡ ಪುಸ್ತಕಗಳ ಪಟ್ಟಿ ಯಾರೇ ಮಾಡಿದರೂ ಅದು ಇದ್ದೇ ಇರುತ್ತದೆ. ಹಾಗಾಗಿ ಡ್ರ್ಯಾಗನ್ ಎಣಿಸುವುದು ಬಿಡಿ.

ಕಡಲಂಚು:
ಗೈ ಗೇವ್ರಿಯಲ್ ಕೇ ಅವರ ‘ದಿ ಲಯನ್ಸ್ ಆಫ್ ಅಲ್-ರಸ್ಸಾನ್’ ಕೂಡ ಹಾಗೇ. ಮಧ್ಯಯುಗದ ಸ್ಪೇನ್ ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ಮಾಯೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಆಕಾಶದಲ್ಲಿ ಎರಡು ಚಂದ್ರ! ಆ ಎರಡನೇ ಚಂದ್ರ ಇಲ್ಲದಿದ್ದರೆ ಅದು ಐತಿಹಾಸಿಕ ಕಾದಂಬರಿಯ ಕಪಾಟಿಗೆ ಹೋಗುತ್ತಿತ್ತು.

ಮೂರನೇಯಾಮ:
ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಈ ವಿಷಯ ನನಗೆ ತುಂಬಾ ದಿನದಿಂದ ತಲೆಯಲ್ಲಿ ಕೂತಿದೆ.

ಪುಸ್ತಕದಲ್ಲಿ ಏನಿದೆ ಅಂತ ನೋಡಿ ಗಡಿ ಹಾಕಲು ಆಗುವುದಿಲ್ಲ. ಬೆರಗು ಯಾರದ್ದು ಅಂತ ನೋಡಬೇಕು. ಮಾರ್ಕ್ವೆಸ್ ಅವರ ‘ನೂರು ವರ್ಷಗಳ ಏಕಾಂತ’ (1967) ತೆಗೆದುಕೊಳ್ಳಿ. ರೆಮಿಡಿಯೋಸ್ ಎಂಬ ಚೆಲುವೆ ಮನೆಯವರ ಜೊತೆ ಬಟ್ಟೆ ಮಡಚುತ್ತಿರುವಾಗ ಗಾಳಿ ಬಂದು, ಹಾಸಿಗೆಯ ಹೊದಿಕೆಗಳ ಸಮೇತ ಆಕಾಶಕ್ಕೆ ಏರಿ ಮಾಯವಾಗುತ್ತಾಳೆ. ಮನೆಯಲ್ಲಿದ್ದ ಫರ್ನಾಂಡಾಗೆ ಏನು ಚಿಂತೆ ಗೊತ್ತಾ? ಹೊದಿಕೆ ಹೋಯಿತಲ್ಲ ಅಂತ. ಅದನ್ನು ವಾಪಸ್ ಕಳಿಸಪ್ಪಾ ಅಂತ ದೇವರಲ್ಲಿ ಬೇಡುತ್ತಾಳೆ. ಅದೇ ಪುಸ್ತಕದ ಶುರುವಿನಲ್ಲಿ ಅಪ್ಪ ಮಕ್ಕಳನ್ನು ಕರೆದುಕೊಂಡು ಹೋಗಿ, ದುಡ್ಡು ಕೊಟ್ಟು, ಒಂದು ಮಂಜುಗಡ್ಡೆ ತೋರಿಸುತ್ತಾನೆ. ಅವನ ಕಣ್ಣಿಗೆ ಅದು ಲೋಕದ ಅತಿ ದೊಡ್ಡ ವಜ್ರ. ಮುಟ್ಟಲಿಕ್ಕೆ ಮತ್ತೆ ದುಡ್ಡು ಕೊಡಬೇಕು. ಮಗು ಮುಟ್ಟಿ, ಕುದಿಯುತ್ತಿದೆ ಅಂತ ಬೆಚ್ಚಿ ಕೈ ಹಿಂದಕ್ಕೆ ತೆಗೆಯುತ್ತದೆ. ಹಾರಿಹೋದ ಹುಡುಗಿ ದಿನನಿತ್ಯದ ಸಂಗತಿ, ಮಂಜುಗಡ್ಡೆ ಪವಾಡ!

ಕಾಫ್ಕಾನ ‘ಮೆಟಮಾರ್ಫಸಿಸ್’ (1915) ಕೂಡ ಹಾಗೇ. ಗ್ರೆಗರ್ ಬೆಳಿಗ್ಗೆ ಎದ್ದರೆ ಹುಳುವಾಗಿದ್ದಾನೆ. ಅವನ ಚಿಂತೆಯೆಲ್ಲ ಐದು ಗಂಟೆಯ ರೈಲು ತಪ್ಪಿತು, ಈಗ ಆರೂವರೆ, ಏಳರ ರೈಲಾದರೂ ಸಿಗುತ್ತದಾ ಅಂತ. ಓದುವ ನಮಗೆ ಮೈ ಜುಂ ಅನ್ನುತ್ತದೆ, ಅವನಿಗಿಲ್ಲ.

ಈ ಎರಡು ಪುಸ್ತಕದಲ್ಲಿ ಬೆರಗು ಓದುಗನದ್ದು ಮಾತ್ರ. ಫ್ಯಾಂಟಸಿಯಲ್ಲಿ ಪಾತ್ರಕ್ಕೂ ಬೆರಗಿದೆ. ಗೆಡ್ ಮೊದಲ ಸಲ ಗಿಡುಗವನ್ನು ಹೆಸರು ಹಿಡಿದು ಕರೆದಾಗ ಅವನ ಎದೆಯೂ ಹಾರುತ್ತದೆ. ನನ್ನ ಗಡಿ ಇದು.

ಕಾಗದದದೋಣಿ:
ತುಂಬಾ ಚೆನ್ನಾಗಿ ಹೇಳಿದಿರಿ. ನಮ್ಮ ಹಿಂದಿನವರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ, ಅದ್ಭುತ ರಸ. ಅದರ ಸ್ಥಾಯಿಭಾವ, ಅಂದರೆ ಬುಡದಲ್ಲಿರುವ ಭಾವ, ವಿಸ್ಮಯ. ಫ್ಯಾಂಟಸಿಗೆ ಕನ್ನಡ ಪದ ಬೇಕೆಂದು ಎಲ್ಲರೂ ಹುಡುಕುತ್ತಾರೆ, ‘ಅದ್ಭುತ ಕತೆ’ ಅಂದರೆ ಮುಗಿಯಿತಲ್ಲ?

ಗುಬ್ಬಿಗೂಡು:
ಮುಗಿಯಲಿಲ್ಲ. ಈಗ "ಅದ್ಭುತ ಕತೆ" ಅಂದರೆ ಕತೆ ಬಹಳ ಚೆನ್ನಾಗಿದೆ ಅಂತಲೇ ಕೇಳಿಸುತ್ತದೆ. ಪದ ಸವೆದುಹೋಗಿದೆ. ಫ್ಯಾಂಟಸಿ ಅಂತಲೇ ಇರಲಿ.

ತರ್ಕಪ್ರಿಯ:
ಮೂರನೇಯಾಮ ಅವರ ಮಾತು ಕೇಳಲು ಚಂದ, ಆದರೆ ಒಪ್ಪಲಾರೆ. ಮಾರ್ಕ್ವೆಸ್ ಬರೆದಂಥದ್ದಕ್ಕೆ, ದಿನನಿತ್ಯದ ಬದುಕಿನಲ್ಲೇ ಮಾಯೆ ಸಹಜವಾಗಿ ನಡೆಯುವ ಕತೆಗೆ, ‘ಮ್ಯಾಜಿಕಲ್ ರಿಯಲಿಸಂ’ ಅನ್ನುತ್ತಾರಲ್ಲ, ಅದು ಗಂಭೀರ ಸಾಹಿತ್ಯದವರು ಫ್ಯಾಂಟಸಿಗೆ ಕೊಟ್ಟ ಮರ್ಯಾದೆಯ ಹೆಸರು ಅಷ್ಟೇ. ದೊಡ್ಡ ಪ್ರಶಸ್ತಿ ಬಂದರೆ ಆ ಹೆಸರು, ಬರದಿದ್ದರೆ ಫ್ಯಾಂಟಸಿ. 2015ರಲ್ಲಿ ಕಜುವೊ ಇಶಿಗುರೊ ‘ದಿ ಬರೀಡ್ ಜೈಂಟ್’ ಬರೆದಾಗ ಏನಾಯಿತು? ಅದರಲ್ಲಿ ಡ್ರ್ಯಾಗನ್ ಇದೆ, ರಾಕ್ಷಸರಿದ್ದಾರೆ, ಆರ್ಥರ್ ರಾಜನ ಕಾಲದ ವೀರ ಇದ್ದಾನೆ. ಸಂದರ್ಶನವೊಂದರಲ್ಲಿ ಅವರು, ಓದುಗರು ಇದನ್ನು ಫ್ಯಾಂಟಸಿ ಅಂದುಬಿಡುತ್ತಾರಾ ಅನ್ನುವ ಅನುಮಾನ ಹೇಳಿಕೊಂಡರು. ಲೆ ಗ್ವಿನ್ ಅವರಿಗೆ ಸಿಟ್ಟು ಬಂತು. ಆ ಪದ ಬೈಗುಳವಾ ಅಂತ ಅವರ ಸಿಟ್ಟು. ಅದು ನ್ಯಾಯವೇ ಅಲ್ವಾ?

ಓದುಗೂಬೆ:
ಪೂರ್ತಿ ಹೇಳಿ ತರ್ಕಪ್ರಿಯ ಅವರೇ. ಆಮೇಲೆ ಇಶಿಗುರೊ, ತಾನು ಡ್ರ್ಯಾಗನ್‌ಗಳ ಪಕ್ಷವೇ ಅಂತ ಸ್ಪಷ್ಟವಾಗಿ ಹೇಳಿದರು. ಲೆ ಗ್ವಿನ್ ಅವರೂ ತಾವು ದುಡುಕಿದ್ದನ್ನು ಒಪ್ಪಿಕೊಂಡರು. ಇಬ್ಬರೂ ದೊಡ್ಡವರು.

ಬೆಳ್ಳಿಚುಕ್ಕಿ:
ನೀವೆಲ್ಲ ಅಕ್ಕನ ತಮ್ಮ ಕೇಳಿದ ಗಿಳಿ ಕತೆ ಮರೆತಿರಿ.

ಅಜ್ಜಿಯಮೊಮ್ಮಗ:
ಅದಕ್ಕೇ ನಾನು ಬಂದೆ. ಏಳು ಸಮುದ್ರದಾಚೆ ಒಂದು ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ನನ್ನಜ್ಜಿ ಈ ಕತೆ ಹೇಳುವಾಗ ರಾಜಕುಮಾರ ಗಿಳಿಯ ಒಂದು ರೆಕ್ಕೆ ಮುರಿದ ಕೂಡಲೇ ತನ್ನ ಒಂದು ಕೈ ಸೆರಗಿನೊಳಗೆ ಮರೆಮಾಡುತ್ತಿದ್ದಳು. ಇನ್ನೊಂದು ರೆಕ್ಕೆ ಮುರಿದರೆ ಇನ್ನೊಂದು ಕೈ. ಎರಡೂ ಕೈ ಇಲ್ಲದ ಅಜ್ಜಿ ನಮ್ಮ ಕಡೆ ನೋಡುತ್ತಾ ಕೂತರೆ ನಾವು ಹೊದಿಕೆಯೊಳಗೆ. ಕುತ್ತಿಗೆಯ ಸರದಿ ಬರುವ ಮುಂಚೆಯೇ ತಮ್ಮ ಅಳುತ್ತಿದ್ದ.

ಈ ಕತೆ ನಮ್ಮಲ್ಲಿ ಮಾತ್ರ ಇಲ್ಲ. ಜನಪದ ಕತೆಗಳಿಗೆ ನಂಬರ್ ಕೊಟ್ಟು ಜೋಡಿಸಿದ ಅಂತರರಾಷ್ಟ್ರೀಯ ಸೂಚಿಯಲ್ಲಿ ಇದರ ಗುಂಪು 302. ರಷ್ಯಾದ ಕತೆಗಳಲ್ಲಿ ಕೊಶ್ಚೇಯ್ ಅನ್ನುವ ಸಾವಿಲ್ಲದವನ ಸಾವು ಸೂಜಿಯ ತುದಿಯಲ್ಲಿದೆ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಹ್ಯಾರಿ ಪಾಟರ್‌ನಲ್ಲಿ ವೋಲ್ಡೆಮಾರ್ಟ್ ಪ್ರಾಣವನ್ನು ತುಂಡು ಮಾಡಿ ಬಚ್ಚಿಟ್ಟದ್ದು ಓದಿದಾಗ, "ಇದು ಅಜ್ಜಿಯ ಗಿಳಿ!" ಅಂತ ಜೋರಾಗಿ ಹೇಳಿಬಿಟ್ಟಿದ್ದೆ.

ಆದರೂ ಅಜ್ಜಿ ಕತೆಯನ್ನು ಫ್ಯಾಂಟಸಿ ಅನ್ನಲು ನನಗೆ ಮನಸ್ಸಿಲ್ಲ. ಅಜ್ಜಿ ಕತೆಯಲ್ಲಿ "ಒಂದೂರಲ್ಲಿ ಒಬ್ಬ ರಾಜ" ಅಂದರೆ ಸಾಕು. ಊರಿಗೆ ಹೆಸರು ಬೇಡ, ರಾಜನ ಅಜ್ಜ ಯಾರು ಅಂತ ಯಾರೂ ಕೇಳುವುದಿಲ್ಲ. ಫ್ಯಾಂಟಸಿ ಬರೆಯುವವರು ಹಾಗೆ ಬಿಡುವಂತಿಲ್ಲ. ಊರಿನ ಹೆಸರು, ನದಿ, ಭಾಷೆ, ಮೂರು ತಲೆಮಾರಿನ ಜಗಳ ಎಲ್ಲ ಕಟ್ಟಬೇಕು. ಟೋಲ್ಕಿನ್ ಮೊದಲು ಎಲ್ಫ್ ಎಂಬ ಮಾಯಾಜನರ ಭಾಷೆ ಕಟ್ಟಿದರು, ಆಮೇಲೆ ಆ ಭಾಷೆ ಆಡುವವರಿಗೊಂದು ಲೋಕ ಕಟ್ಟಿದರು. ಅಕ್ಕ ನಕ್ಷೆ ಇಷ್ಟ ಅಂದರಲ್ಲ, ಅಜ್ಜಿ ಕತೆಗೆ ನಕ್ಷೆ ಬರೆಯಲು ಆಗುವುದಿಲ್ಲ. ಏಳು ಸಮುದ್ರ ಎಲ್ಲಿ ಅಂತ ಗುರುತು ಹಾಕುತ್ತೀರಿ?

ನಕ್ಷೆಹುಚ್ಚಿ:
ಸೆರಗಿನೊಳಗೆ ಕೈ ಮರೆಮಾಡುವ ಅಜ್ಜಿ! ಓದಿ ನನಗೂ ಹೊದಿಕೆ ಎಳೆದುಕೊಳ್ಳಬೇಕು ಅನಿಸಿತು. ನಕ್ಷೆಯ ಮಾತು ನೂರಕ್ಕೆ ನೂರು ಒಪ್ಪಿದೆ. ತಮ್ಮನಿಗೆ ಇದನ್ನೇ ಓದಿ ಹೇಳಿದೆ. "ಹಾಗಾದರೆ ಕಥಾಸರಿತ್ಸಾಗರ? ಅದರಲ್ಲಿ ಊರಿನ ಹೆಸರೆಲ್ಲ ಇದೆಯಲ್ಲ" ಅಂತಾನೆ.

ಕಾಗದದದೋಣಿ:
ಪುರಾಣ, ಹಳೆಯ ಕಾವ್ಯಗಳನ್ನು ಫ್ಯಾಂಟಸಿಗೆ ಸೇರಿಸಬೇಡಿ. ಇದು ಭಕ್ತಿಯ ಮಾತಲ್ಲ, ಓದಿನ ಮಾತು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಡುವಾಗ ಅದು ಕೂಗಿಬಿಡುತ್ತದೆ. ಆ ಒಂದು ಹಿಂಸೆಯ ಸಂಕಲ್ಪಕ್ಕೆ ತಾಯಿ ಮಗ ಜನ್ಮಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಇವತ್ತು ಯಾರಾದರೂ ಬರೆದರೆ ಫ್ಯಾಂಟಸಿ ಅನ್ನುತ್ತೇವೆ. ಜನ್ನನಿಗೆ ಅದು ಲೋಕ ನಡೆಯುವ ರೀತಿ. ಕಟ್ಟಿಕೊಂಡದ್ದಲ್ಲ, ಕಂಡುಕೊಂಡದ್ದು.

ಓದುಗೂಬೆ:
ಜನ್ನನ ಮಟ್ಟಿಗೆ ಸರಿ. ಕಥಾಸರಿತ್ಸಾಗರದ ವಿಷಯ ಬೇರೆ. ಹನ್ನೊಂದನೇ ಶತಮಾನದಲ್ಲಿ ಸೋಮದೇವ ಬರೆದದ್ದು ರಾಣಿಯೊಬ್ಬಳ ಮನಸ್ಸಿಗೆ ಖುಷಿ ಕೊಡಲು. ವಿದ್ಯಾಧರರು, ಬೇತಾಳ, ಕತೆಯೊಳಗೆ ಕತೆ. ಅದರ ಶುರುವಿನಲ್ಲಿ ಗುಣಾಢ್ಯನ ಕತೆ ಇದೆ, ಓದದವರು ಖಂಡಿತ ಓದಿ. ಅವನು ಪೈಶಾಚಿ ಭಾಷೆಯಲ್ಲಿ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕ ಬರೆಯುತ್ತಾನೆ. ರಾಜ ಬೇಡವೆನ್ನುತ್ತಾನೆ. ಗುಣಾಢ್ಯ ಕಾಡಿಗೆ ಹೋಗಿ, ಬೆಂಕಿ ಹಾಕಿ, ಒಂದೊಂದೇ ಹಾಳೆಯನ್ನು ಪ್ರಾಣಿಗಳಿಗೆ ಓದಿ ಹೇಳಿ ಸುಡುತ್ತಾನೆ. ಜಿಂಕೆ, ಹಂದಿ ಎಲ್ಲ ಮೇಯುವುದನ್ನು ಬಿಟ್ಟು, ಸುತ್ತ ನಿಂತು, ಕಣ್ಣೀರು ಹಾಕುತ್ತಾ ಕೇಳುತ್ತವೆ. ಆ ಕಡೆ ಅರಮನೆಯಲ್ಲಿ ರಾಜನಿಗೆ ಕಾಯಿಲೆ. ಯಾಕೆ? ಅಡುಗೆಗೆ ಬರುವ ಮಾಂಸದಲ್ಲಿ ಸಾರವೇ ಇಲ್ಲ. ಯಾಕೆ? ಪ್ರಾಣಿಗಳು ಕತೆ ಕೇಳುತ್ತಾ ಬಡವಾಗಿವೆ. ರಾಜ ಓಡಿಬರುವಷ್ಟರಲ್ಲಿ ಆರು ಲಕ್ಷ ಸುಟ್ಟುಹೋಗಿ ಒಂದು ಲಕ್ಷ ಉಳಿದಿರುತ್ತದೆ.

ಇದನ್ನು ಬರೆದವನಿಗೆ ಇದು ಕತೆ ಅಂತ ಗೊತ್ತಿತ್ತು. ಕೇಳಿದವರಿಗೂ ಗೊತ್ತಿತ್ತು. ನಾನು ಇದನ್ನು ಫ್ಯಾಂಟಸಿ ಅನ್ನುತ್ತೇನೆ, ಕಾಗದದದೋಣಿ ಅವರು ಬೇಜಾರು ಮಾಡಿಕೊಳ್ಳಬಾರದು.

ಕಾಗದದದೋಣಿ:
ಬೇಜಾರಿಲ್ಲ. ಒಪ್ಪಿಗೆಯೂ ಇಲ್ಲ.

ಕಡಲಂಚು:
ಕನ್ನಡದ ಹೊಸ ಬರವಣಿಗೆಯಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನನಗೆ ಅಪ್ಪಟ ಫ್ಯಾಂಟಸಿ. ಹಾವು ಗಂಡನ ರೂಪದಲ್ಲಿ ಬರುವುದಕ್ಕೆ ಮಾತ್ರ ಹೇಳುತ್ತಿಲ್ಲ. ಮೊದಲ ದೃಶ್ಯ ನೆನಪಿಸಿಕೊಳ್ಳಿ. ರಾತ್ರಿ ಮನೆಮನೆಯ ದೀಪ ಆರಿಸಿದ ಮೇಲೆ ಆ ಜ್ವಾಲೆಗಳೆಲ್ಲ ಹಾಳು ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಕತೆಯೇ ಒಬ್ಬ ಹೆಂಗಸಾಗಿ ಬಂದು ತನ್ನನ್ನು ಹೇಳಿಕೊಳ್ಳುತ್ತದೆ. ದೀಪ ಆರಿದ ಮೇಲೆ ಬೆಂಕಿ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳು ಕೇಳುತ್ತಾರಲ್ಲ, ಅದಕ್ಕೆ ಇಷ್ಟು ಒಳ್ಳೆಯ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ.

ಚಿಗುರು:
ತೇಜಸ್ವಿಯವರ ‘ಕರ್ವಾಲೊ’ ಕೂಡ ಫ್ಯಾಂಟಸಿ ಅಲ್ವಾ? ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವುದು.

ತರ್ಕಪ್ರಿಯ:
ಹಾರುವ ಓತಿ ನಿಜವಾದ ಪ್ರಾಣಿ ಚಿಗುರು ಅವರೇ. ಡ್ರಾಕೊ ಅನ್ನುವುದು ಅದರ ಕುಲದ ಹೆಸರು, ಅಂದರೆ ಡ್ರ್ಯಾಗನ್! ಪಕ್ಕೆಲುಬು ಅಗಲಿಸಿ, ಚರ್ಮವನ್ನು ರೆಕ್ಕೆಯ ಹಾಗೆ ಹರಡಿ, ಮರದಿಂದ ಮರಕ್ಕೆ ತೇಲುತ್ತದೆ.

ಮೂರನೇಯಾಮ:
ಚಿಗುರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕೊನೆಯಲ್ಲಿ ಅಷ್ಟು ದೂರ ಹೋದವರ ಕಣ್ಣೆದುರೇ ಆ ಓತಿ ಪ್ರಪಾತದ ಕಡೆ ತೇಲಿ ಹೋಗುತ್ತದಲ್ಲ, ಅಲ್ಲಿ ಮೈ ಜುಂ ಅನ್ನುವುದು ಯಾವ ಡ್ರ್ಯಾಗನ್ ಕತೆಗೂ ಕಡಿಮೆ ಇಲ್ಲ. ಇರುವ ಪ್ರಾಣಿಯನ್ನೇ ಇಟ್ಟುಕೊಂಡು ಅಷ್ಟು ಬೆರಗು ಹುಟ್ಟಿಸಿದರು. ನನ್ನ ಗಡಿ ಇಲ್ಲಿ ಸ್ವಲ್ಪ ಅಲುಗಾಡಿದೆ ಅಂತ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಪಾತ್ರಗಳಿಗೂ ಬೆರಗು, ನನಗೂ ಬೆರಗು, ಆದರೂ ಅದು ಫ್ಯಾಂಟಸಿ ಅಲ್ಲ.

ಗುಬ್ಬಿಗೂಡು:
ವಿಷಯ ಸ್ವಲ್ಪ ಬದಲಿಸುತ್ತೇನೆ. ಅನುವಾದ ಮಾಡುವವರು ಯಾರಾದರೂ ಇದ್ದೀರಾ? ‘ಎಲ್ಫ್’ಗೆ ಏನು ಹಾಕುತ್ತೀರಿ? ಯಕ್ಷ ಅಂದರೆ ನಮ್ಮ ಯಕ್ಷನೇ ಬಂದು ನಿಲ್ಲುತ್ತಾನೆ. ‘ವಿಝರ್ಡ್’ಗೆ ಮಂತ್ರವಾದಿ ಅಂದರೆ ಓದುವವರಿಗೆ ನಿಂಬೆಹಣ್ಣು, ತಲೆಬುರುಡೆ ನೆನಪಾಗುತ್ತದೆ. ಗೆಡ್ ಅಂಥವನಲ್ಲ.

ಬೆಳ್ಳಿಚುಕ್ಕಿ:
ಡ್ರ್ಯಾಗನ್‌ಗೆ ಘಟಸರ್ಪ ಅಂತ ಓದಿದ್ದೇನೆ. ಚೆನ್ನಾಗಿದೆ, ಆದರೆ ರೆಕ್ಕೆ ಕಾಣುವುದಿಲ್ಲ.

ಅಜ್ಜಿಯಮೊಮ್ಮಗ:
ಎಲ್ಫ್ ಎಲ್ಫ್ ಆಗಿಯೇ ಇರಲಿ. ಬೇರೆ ಲೋಕದವರಿಗೆ ಬೇರೆ ಹೆಸರೇ ಇರಬೇಕು. ಹೆಸರಿನ ಮಹಿಮೆ ಅರ್ಥ್‌ಸೀ ಓದಿದವರಿಗೆ ಹೇಳಿಕೊಡಬೇಕಾ? ಗುರು ಕೈಯಲ್ಲಿ ಒಂದು ಬೆಣಚುಕಲ್ಲು ಹಿಡಿದು ಅದನ್ನು ವಜ್ರದ ಹಾಗೆ ಕಾಣಿಸುತ್ತಾನೆ. ಆಮೇಲೆ, ಇದು ಬರೀ ತೋರಿಕೆ, ಇದನ್ನು ನಿಜವಾಗಿ ವಜ್ರ ಮಾಡಬೇಕಾದರೆ ಇದರ ನಿಜವಾದ ಹೆಸರನ್ನೇ ಬದಲಿಸಬೇಕು, ಹಾಗೆ ಮಾಡಿದರೆ ಲೋಕವನ್ನೇ ಬದಲಿಸಿದ ಹಾಗೆ ಅನ್ನುತ್ತಾನೆ. ಕಲ್ಲು ಕಲ್ಲಾಗಿರುವುದೇ ಒಳ್ಳೆಯದು ಅನ್ನುವ ಆ ಪುಟ ನನಗೆ ಬಾಯಿಪಾಠ.

ಹೊಸಓದು:
ನಮಸ್ಕಾರ, ನಾನು ಈ ಬಗೆಯ ಪುಸ್ತಕ ಓದಿದವಳಲ್ಲ. ಮಗಳಿಗೆ ಹನ್ನೆರಡು ವರ್ಷ. ಇಬ್ಬರೂ ಸೇರಿ ರಾತ್ರಿ ಸ್ವಲ್ಪ ಸ್ವಲ್ಪ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಟೋಲ್ಕಿನ್ ಅವರ ಮೂರು ಪುಸ್ತಕದ ಸರಣಿಯಿಂದಲೇ?

ಓದುಗೂಬೆ:
‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿ ಅಲ್ಲ ಮೇಡಂ, ಒಂದೇ ಕಾದಂಬರಿ. 1954-55ರಲ್ಲಿ ಮೂರು ಸಂಪುಟ ಮಾಡಿ ಪ್ರಕಟಿಸಿದರು. ಅದಕ್ಕೆ ಈಗಲೇ ಕೈ ಹಾಕಬೇಡಿ. ‘ದಿ ಹಾಬಿಟ್’ (1937) ಹಿಡಿಯಿರಿ. ಮಕ್ಕಳಿಗೆ ಜೋರಾಗಿ ಓದಿ ಹೇಳಲು ಹೇಳಿ ಮಾಡಿಸಿದ್ದು.

ಕಡಲಂಚು:
ಆಮೇಲೆ ಟೆರಿ ಪ್ರ್ಯಾಚೆಟ್. ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿ ಇವೆ, ಮೊದಲನೆಯದರಿಂದಲೇ ಶುರು ಮಾಡಬೇಕಿಲ್ಲ. ‘ಸ್ಮಾಲ್ ಗಾಡ್ಸ್’ ನನಗೆ ತುಂಬಾ ಇಷ್ಟ. ಒಬ್ಬ ದೊಡ್ಡ ದೇವರು ಆಮೆಯಾಗಿ ಸಿಕ್ಕಿಹಾಕಿಕೊಂಡಿದ್ದಾನೆ. ಯಾಕೆಂದರೆ ಅವನನ್ನು ಮನಸಾರೆ ನಂಬುವವನು ಒಬ್ಬನೇ ಉಳಿದಿದ್ದಾನೆ. ಗುಡಿಗಳಿವೆ, ಸೈನ್ಯವಿದೆ, ಪುರೋಹಿತರಿದ್ದಾರೆ, ನಂಬಿಕೆ ಮಾತ್ರ ಇಲ್ಲ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಕೊಡಿ.

ಬೆಳ್ಳಿಚುಕ್ಕಿ:
ನಿಮಗೋಸ್ಕರ, ಮಗಳು ಮಲಗಿದ ಮೇಲೆ, ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020). ಮುಗಿಯದ ಕೋಣೆಗಳ ಒಂದು ಮನೆ, ಕೋಣೆ ತುಂಬಾ ಪ್ರತಿಮೆಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರದ ಉಬ್ಬರ. ಅಲ್ಲೊಬ್ಬ ಒಂಟಿ ಮನುಷ್ಯ ದಿನಚರಿ ಬರೆಯುತ್ತಿದ್ದಾನೆ. ಇಷ್ಟಕ್ಕಿಂತ ಜಾಸ್ತಿ ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಹೊಸಓದು:
ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ಕೇಳಿ ಮಗಳು ತಾನೇ ಆರಿಸಿದಳು, ಅರ್ಥ್‌ಸೀ. ಹಾಬಿಟ್ ಆಮೇಲಂತೆ. ನಕ್ಷೆಯೇ ಕಾರಣ, ಅಕ್ಕ ಬರೆದದ್ದನ್ನು ಓದಿ ಅವಳೂ ಬೆರಳಾಡಿಸಿದಳು.

ನಕ್ಷೆಹುಚ್ಚಿ:
ಅಯ್ಯೋ, ಎಷ್ಟು ಖುಷಿ ಆಯಿತು! ಎಲ್ಲಿಗೆ ಬಂದಿರಿ ಅಂತ ಹೇಳುತ್ತಿರಿ.

ಹೊಸಓದು:
ನಾಲ್ಕು ರಾತ್ರಿ ಆಯಿತು. ನೆರಳು ಹೊರಗೆ ಬಂದ ಅಧ್ಯಾಯ ನಿನ್ನೆ ಮುಗಿಯಿತು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವಳು "ಅಮ್ಮಾ, ಅದಕ್ಕೆ ಹೆಸರೇ ಇಲ್ಲ ಅಂತ ಕೆಲವರು ಹೇಳುತ್ತಾರೆ, ಆದರೆ ಎಲ್ಲದಕ್ಕೂ ಹೆಸರು ಇರಲೇಬೇಕಲ್ವಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನಗೆ ಗೊತ್ತಾಯಿತು ಅನಿಸುತ್ತದೆ" ಅಂದಳು. ನನಗಿನ್ನೂ ಗೊತ್ತಾಗಿಲ್ಲ. ಯಾರಾದರೂ ಒಂದು ಸುಳಿವು ಕೊಡುತ್ತೀರಾ?

ತರ್ಕಪ್ರಿಯ:
ಇಲ್ಲ.

ಗುಬ್ಬಿಗೂಡು:
ಕೊಡುವುದಿಲ್ಲ ಮೇಡಂ.

ನಕ್ಷೆಹುಚ್ಚಿ:
ಅವಳನ್ನೇ ಕೇಳಿ.